ಹರಿಪ್ರಸಾದನ ಎರಡನೇ ಬೆರಳು

“ನೋಡಪ್ಪ, ನೀನೇ ನೋಡು!” ಕದಿರಮ್ಮ ಎರಡೂ ಅಂಗೈಗಳನ್ನು ನನ್ನ ಮೂಗಿಗೆ ತಾಗುವಷ್ಟು ಹತ್ತಿರ ತಂದರು. “ಇದ್ರಲ್ಲಿ ಗೆರೆ ಎಲ್ಲೈತೆ ತೋರ್ಸು.”

ಗೆರೆ ಎಲ್ಲೂ ಇರಲಿಲ್ಲ. ನಲವತ್ತು ವರ್ಷ ರೇಷ್ಮೆ ಗೂಡಿನ ಬಿಸಿನೀರಿನಲ್ಲಿ ಅದ್ದಿ ಅದ್ದಿ ತೆಗೆದ ಕೈ. ಬೆರಳ ತುದಿಗಳು ಬೆಳ್ಳಗೆ ಊದಿಕೊಂಡು, ಚರ್ಮ ನೆನೆಹಾಕಿದ ಕಡಲೆಕಾಳಿನ ಸಿಪ್ಪೆಯ ಹಾಗೆ ಸುಕ್ಕಾಗಿತ್ತು.

“ರೇಷನ್ ಅಂಗ್ಡೀಲಿ ಹೆಬ್ಬೆಟ್ಟು ಒತ್ತು ಅಂತಾರೆ. ಒತ್ತಿ ಒತ್ತಿ ನನ್ ಬೆರಳೇ ಸವೆದೋಯ್ತು, ಆ ಹಾಳು ಮಿಷನ್ನು ಮಾತ್ರ ಒಪ್ಪಲ್ಲ. ಸೊಸೆ ಬಂದ್ಮೇಲೆ ಅವಳೇ ಹೋಗಿ ಒತ್ತಿ ಅಕ್ಕಿ ತರೋದು.”

“ಹರಿಪ್ರಸಾದಂಗೂ ಹಿಂಗೇನಾ?”

“ಅವಂದೂ ಇದೇ ಪಾಡು. ಬೆಳಿಗ್ಗೆ ಐದಕ್ಕೆ ನನ್ ಜೊತೆ ಒಲೆ ಮುಂದೆ ಕೂರೋನು, ಒಂಬತ್ತಕ್ಕೆ ಎದ್ದು ಕಂಪನಿಗೆ ಓಡೋನು. ಮಧ್ಯಾಹ್ನ ಒಣಗೋವರ್ಗೂ ಅವನ ಬೆರಳನ್ನ ಯಾವ ಮಿಷನ್ನೂ ತಗೋತಿರ್ಲಿಲ್ಲ.” ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೆ ಬಿಸಿನೀರಿಗೆ ಕೈ ಹಾಕಿದರು.

ಮಗ ಸತ್ತು ಐದನೇ ದಿನ ಅದು. ಮಂಗಳವಾರ ಮಧ್ಯಾಹ್ನ, ಏರ್‌ಪೋರ್ಟ್ ರಸ್ತೆಯ ಕೇಬಲ್ ಗುಂಡಿಯೊಳಗೆ ವಿಷಗಾಳಿ ಕುಡಿದು ಹರಿಪ್ರಸಾದ ಸತ್ತಿದ್ದ. ಗುಂಡಿಗೆ ಇಳಿಯುವ ಆನ್‌ಲೈನ್ ತರಬೇತಿಯಲ್ಲಿ ಅವನು ಐವತ್ತಕ್ಕೆ ನಲವತ್ತಾರು ತೆಗೆದು ಪಾಸಾಗಿದ್ದ ಎನ್ನುತ್ತಿತ್ತು ಕಂಪನಿಯ ದಾಖಲೆ. ಅವನ ಹೆಸರಿನಲ್ಲಿ ಆ ಪರೀಕ್ಷೆ ಬರೆದವಳು ತರಬೇತಿ ನೋಡಿಕೊಳ್ಳುವ ಹುಡುಗಿ ಚೈತ್ರ ಎಂದು ಪೊಲೀಸರು ನಿನ್ನೆ ಅವಳನ್ನು ಹಿಡಿದಿದ್ದರು. ಇವತ್ತು ನಾಲ್ಕು ಗಂಟೆಗೆ ಕೋರ್ಟು. ಅವಳ ತಾಯಿ ಪತ್ತೆಗೆ ಹಚ್ಚಿದ ನಾನು ಅಷ್ಟರೊಳಗೆ ಅವಳಲ್ಲವೆಂದು ತೋರಿಸದಿದ್ದರೆ ಹುಡುಗಿ ಸೀದಾ ಜೈಲಿಗೆ.

ಆಗಲೇ ಹನ್ನೊಂದಾಗಿತ್ತು.

“ಸೂತಕದ ಮನೇಲಿ ಒಲೆ ಹಚ್ಚವ್ಳೆ ಅಂತ ಬೀದಿಯೋರು ಆಡ್ಕೊಳ್ತಾವ್ರೆ,” ಎಂದರು ಕದಿರಮ್ಮ, ನಾನು ಕೇಳದೆಯೇ. “ಆಡ್ಕೊಳ್ಲಿ. ತಂದ ಗೂಡು ನನ್ ಮಗನ ತಿಥಿ ಮುಗಿಯೋವರ್ಗೂ ಕಾಯ್ತದಾ? ಚಿಟ್ಟೆ ಕೊರ್ಕೊಂಡು ಆಚೆ ಬರ್ತದೆ. ಆಮೇಲೆ ನೂಲೆಲ್ಲಿ ಬರ್ತದೆ?”

ನಾನು ಒಲೆಯ ಪಕ್ಕಕ್ಕೆ ಮಣೆ ಎಳೆದುಕೊಂಡು ಕೂತೆ.

“ಆ ಪರೀಕ್ಷೆ ಬಗ್ಗೆ ಮನೇಲಿ ಏನಾದ್ರೂ ಹೇಳ್ತಿದ್ನಾ?”

“ಇಂಗ್ಲೀಷಿನಾಗೆ ಯಾವಳೋ ಮೂಗಿನಲ್ಲಿ ಮಾತಾಡ್ತಾಳೆ ಕಣಮ್ಮ, ಕೇಳ್ತಾ ಕೇಳ್ತಾ ನಿದ್ದೆ ಬರ್ತದೆ ಅಂತಿದ್ದ. ಮುಗಿಸ್ಲಿಲ್ಲ ಅಂದ್ರೆ ಕೆಲ್ಸದಿಂದ ತೆಗೀತಾರಂತೆ ಅಂತ್ಲೂ ಅಂದಿದ್ದ. ನಂಗೇನು ತಿಳೀತದೆ ಅದೆಲ್ಲ?”

ಒಳಗಿನಿಂದ ಸೊಸೆ ಭಾನುಪ್ರಿಯಾ ನೀರು ತಂದಳು. ಮದುವೆಯಾಗಿ ಒಂದು ವರ್ಷ, ಹೊಟ್ಟೆಯಲ್ಲಿ ಐದು ತಿಂಗಳು. ಇಲ್ಲೇ, ನಮ್ಮ ದೇವನಹಳ್ಳಿ ತಾಲೂಕಿನ ವಿಜಯಪುರದಲ್ಲೇ ಓದಿ ಬಿ.ಕಾಂ ಮುಗಿಸಿದವಳು. ಬಸುರಿ ಎಂದು ತಿಳಿದ ದಿನದಿಂದ ಅತ್ತೆ ಅವಳನ್ನು ಬಿಸಿನೀರಿನ ಹತ್ತಿರ ಬಿಟ್ಟಿರಲಿಲ್ಲ. ಲೋಟ ಕೊಡುವಾಗ ನೀರು ನನ್ನ ಪ್ಯಾಂಟಿನ ಮೇಲೆ ಚೆಲ್ಲಿತು. ಪಾಪ, ದುಃಖ ಎಂದುಕೊಂಡೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಹೊರಡುವಾಗ ಅವಳು ಹೊಸ್ತಿಲೊಳಗೇ ನಿಂತು ಕೇಳಿದಳು.

“ಚೈತ್ರಕ್ಕನ್ನ ಬಿಡ್ತಾರಾ?”

“ಬೇರೆ ಯಾರು ಬರೆದಿದ್ದು ಅಂತ ಗೊತ್ತಾದ್ರೆ ಬಿಡ್ತಾರಮ್ಮ. ಇಲ್ಲಾಂದ್ರೆ ಸಂಜೆಗೆ ಜೈಲು.”

ಅವಳು ತಲೆಯಾಡಿಸಿದಳು.

*

ಸ್ಕೂಟರಿನಲ್ಲಿ ದೇವನಹಳ್ಳಿ ಕಡೆಗೆ ಹೊರಟೆ. ದಾರಿಯುದ್ದಕ್ಕೂ ನನಗೆ ಸಿಟ್ಟು. ಯಾರ ಮೇಲೆ ಎಂದು ಕೇಳಿದರೆ ಹೇಳಲಾರೆ.

ಇಪ್ಪತ್ತೆಂಟು ವರ್ಷ ನಾನು ಸರ್ಕಾರಿ ಟೆಲಿಫೋನಿನಲ್ಲಿ ಕೇಬಲ್ ಜೋಡಿಸುತ್ತಿದ್ದವನು. ಪತ್ತೇದಾರಿಕೆ ಆಮೇಲೆ ಅಂಟಿದ ಚಟ. ಗುಂಡಿಗೆ ಇಳಿಯುವುದನ್ನು ನನಗೆ ಕಲಿಸಿದವನು ನಮ್ಮ ಮೇಸ್ತ್ರಿ. ಅಕ್ಕಪಕ್ಕದ ಎರಡು ಗುಂಡಿಗಳ ಮುಚ್ಚಳ ತೆಗೆದು ಗಾಳಿ ಆಡಲು ಬಿಡಬೇಕು, ಸೊಂಟಕ್ಕೆ ಹಗ್ಗ ಕಟ್ಟಬೇಕು, ಮೇಲೆ ಒಬ್ಬ ಹಗ್ಗ ಹಿಡಿದು ನಿಂತೇ ಇರಬೇಕು. ಒಂದು ಸಲ ಮರೆತಿದ್ದಕ್ಕೆ ಕಪಾಳಕ್ಕೆ ಬಾರಿಸಿದ್ದ. ಇವತ್ತಿಗೂ ಮರೆತಿಲ್ಲ.

ಈಗಿನ ಹುಡುಗರಿಗೆ ಲ್ಯಾಪ್‌ಟಾಪಿನಲ್ಲಿ ಪಾಠ. ಕೊರೋನಾ ಬಂದಾಗ ಶುರುವಾಗಿದ್ದು ಹಾಗೇ ಉಳಿದುಬಿಟ್ಟಿತು. ಪಾಠ ಶುರುವಾಗುವ ಮೊದಲು ಬೆರಳು ಒತ್ತಬೇಕು, ಕೊನೆಯಲ್ಲಿ ಪರೀಕ್ಷೆ ಬರೆಯಬೇಕು. ಪಾಸಾದವನ ಫೋನಿಗೆ ಮಾತ್ರ ಗುಂಡಿಯ ಕೆಲಸ ಬರುತ್ತದೆ. ಹರಿಪ್ರಸಾದ ಪಾಸಾಗದಿದ್ದರೆ ಮಂಗಳವಾರ ಅವನಿಗೆ ಆ ಕೆಲಸ ಬರುತ್ತಲೇ ಇರಲಿಲ್ಲ. ಈಗ ತಾಯಿಯ ಪಕ್ಕ ಕೂತು ನೂಲು ಬಿಚ್ಚುತ್ತಿರುತ್ತಿದ್ದ.

‘ಸುತಂತು ನೆಟ್‌ವರ್ಕ್ಸ್’ ಕಂಪನಿಯ ಡಿಪೋ ಬೈಪಾಸ್ ಪಕ್ಕದಲ್ಲಿದೆ. ತಗಡಿನ ಶೆಡ್ಡು, ಸುತ್ತ ಕೇಬಲ್ ಸುತ್ತಿದ ದೊಡ್ಡ ಡ್ರಮ್ಮುಗಳು. ಏರ್‌ಪೋರ್ಟಿನ ಎರಡನೇ ಟರ್ಮಿನಲ್ ತೆರೆಯುವ ಮೊದಲು ಆ ಕಡೆಯ ಹೊಸ ಬಡಾವಣೆಗಳಿಗೆಲ್ಲ ಕೇಬಲ್ ಎಳೆದು ಮುಗಿಸಬೇಕೆಂದು ಎಲ್ಲರಿಗೂ ಅವಸರ. ಆ ಅವಸರದ ಯಜಮಾನ ಶ್ರೀಧರ್. ಮೂವತ್ತೈದು ವರ್ಷ, ಸಮೇತನಹಳ್ಳಿ ಕಡೆಯವನು, ಡಿಪೋದ ಮ್ಯಾನೇಜರು. ಇಸ್ತ್ರಿ ಮಾಡಿದ ಷರಟು, ಇಸ್ತ್ರಿ ಮಾಡಿದ ಮಾತು.

“ಬನ್ನಿ ಸರ್, ಕಾಫಿ ತರಿಸ್ಲಾ?”

“ಕಾಫಿ ಬೇಡ. ಬೆರಳೊತ್ತೋ ಮಿಷನ್ ತರಿಸಿ.”

ಅವನು ನಕ್ಕು ಡ್ರಾಯರಿನಿಂದ ಅದನ್ನು ತೆಗೆದಿಟ್ಟ. ಬೆಂಕಿಪೊಟ್ಟಣದ ಗಾತ್ರ, ಒಂದು ವೈರು. ಪೊಲೀಸರು ನನಗೆ ಕೊಟ್ಟಿದ್ದ, ಬೆರಳೊತ್ತಿದ ಪಟ್ಟಿಯ ಜೆರಾಕ್ಸನ್ನು ನಾನು ಮೇಜಿನ ಮೇಲೆ ಹರಡಿದೆ.

“ಹೋದ ತಿಂಗಳು ನೋಡಿ. ಬೆಳಿಗ್ಗೆ ಹತ್ತಕ್ಕೆ ಪಾಠ. ಹರಿಪ್ರಸಾದನ ಬೆರಳು ಒಂದು ಸಲ ಫೇಲ್, ಎರಡನೇ ಸಲ ಫೇಲ್, ಮೂರನೇ ಸಲವೂ ಫೇಲ್. ಹನ್ನೆರಡೂವರೆ ದಾಟಿದ ಮೇಲೆ ಪಾಸ್. ದಿನಾ ಇದೇ ಹಾಡು.”

“ಹೌದು ಸರ್, ಅವರ ಮನೆ ಕೆಲಸ ಹಂಗೆ.”

“ಈಗ ಈ ತಿಂಗಳು ನೋಡಿ. ಮೂರನೇ ತಾರೀಖಿಂದ ಮೊದಲನೇ ಒತ್ತಿಗೇ ಪಾಸ್. ಮಂಗಳವಾರ ಪರೀಕ್ಷೆಗೂ ಅಷ್ಟೇ. ಹತ್ತು ಗಂಟೆ ಐದು ನಿಮಿಷ, ಒಂದೇ ಒತ್ತು.”

“ಅವತ್ತು ಚೆನ್ನಾಗಿ ಕೈ ತೊಳ್ಕೊಂಡು ಬಂದಿರ್ತಾನೆ.”

“ಅವನ ಕೈ ಜಾಸ್ತಿ ತೊಳೆದಿದ್ದೇ ತೊಂದರೆ ಕಣ್ರೀ! ಅವತ್ತು ಬೆಳಿಗ್ಗೆನೂ ಒಂಬತ್ತರವರೆಗೆ ಬಿಸಿನೀರಲ್ಲೇ ಕೈ ಇಟ್ಟಿದ್ದ. ಅದು ಅವನ ಬೆರಳಲ್ಲ.”

ಶ್ರೀಧರ್ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. ಹೆದರಿದ ಹಾಗೆ ಕಾಣಲಿಲ್ಲ. ನನಗೆ ಅದೇ ಸರಿಬರಲಿಲ್ಲ.

“ಚೈತ್ರಳ ಲ್ಯಾಪ್‌ಟಾಪ್ ಪೊಲೀಸರು ಒಯ್ದಿದ್ದಾರೆ. ನನ್ನದರಲ್ಲಿ ಬೆರಳಿನ ಲಿಸ್ಟ್ ಕಾಣುತ್ತೆ, ತೋರಿಸ್ತೀನಿ. ಮಾರ್ಕ್ಸು ಗೀರ್ಕ್ಸು ನನಗೆ ಗೊತ್ತಿಲ್ಲ. ಆ ಪರೀಕ್ಷೆ ಪೋರ್ಟಲ್ ಕಡೆ ನಾನು ತಲೇನೇ ಹಾಕಲ್ಲ.”

ಹರಿಪ್ರಸಾದನ ಹೆಸರು ತೆರೆದ. ಅಲ್ಲಿ ಎರಡು ಬೆರಳುಗಳಿದ್ದವು. ಒಬ್ಬೊಬ್ಬರಿಗೆ ಎರಡು ಬೆರಳು ಸೇರಿಸಲು ಮಿಷನ್ನು ಬಿಡುತ್ತದಂತೆ, ಒಂದಕ್ಕೆ ಗಾಯವಾದರೆ ಇನ್ನೊಂದಿರಲಿ ಎಂದು. ಮೊದಲನೆಯದು ಅಗಲ, ಗೆರೆಗಳೆಲ್ಲ ಅಳಿಸಿದಂತೆ ಮಸುಕು. ಎರಡನೆಯದು ಚಿಕ್ಕದು. ಗೆರೆಗಳು ಎಣಿಸುವಷ್ಟು ಸ್ಪಷ್ಟ. ಸೇರಿಸಿದ ದಿನ ಈ ತಿಂಗಳ ಮೂರು. ಸೇರಿಸಿದವರು ಚೈತ್ರ.

“ನಿಮ್ಮ ಬೆರಳು ಒತ್ತಿ,” ಎಂದೆ.

“ನನ್ನದಾ?”

“ಯಾಕೆ, ನೋಯುತ್ತಾ?”

ಅವನು ಒಂದೊಂದಾಗಿ ಹತ್ತೂ ಬೆರಳು ಒತ್ತಿದ. ಎರಡು ಬೆರಳಿಗೆ ಅವನದೇ ಹೆಸರು ಬಂತು. ಉಳಿದ ಎಂಟಕ್ಕೆ ಏನೂ ಬರಲಿಲ್ಲ. ನಿನ್ನೆಯಿಂದ ನಾನು ಮನಸ್ಸಿನಲ್ಲೇ ಇವನಿಗೆ ಬೇಡಿ ತೊಡಿಸಿ ಇಟ್ಟಿದ್ದೆ.

“ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋನು ನಾನಲ್ಲ ಸರ್,” ಎಂದ ಶ್ರೀಧರ್, ಬೆರಳು ಒರೆಸಿಕೊಳ್ಳುತ್ತ. “ಇದು ಹೆಂಗಸಿನ ಬೆರಳು, ಕಣ್ಣಿಗೇ ಕಾಣ್ತಿದೆ. ಡಿಪೋದಲ್ಲಿ ಇರೋ ಹೆಂಗಸು ಒಬ್ಬಳೇ. ಕಂಪನಿ ಕೊಟ್ಟ ದೂರಲ್ಲೂ ಅದೇ ಇದೆ. ಹುಡುಗರ ಪರೀಕ್ಷೆ ತಾನೇ ಬರೀತಿದ್ದೆ ಅಂತ ಅವಳೇ ಒಪ್ಕೊಂಡಿದ್ದಾಳೆ.”

“ಬೇರೆ ಪರೀಕ್ಷೆ ಬರೆದಿದ್ದು ನಿಜ. ಗುಂಡಿಗೆ ಇಳಿಯೋ ಪರೀಕ್ಷೆ ಮಾತ್ರ ಯಾರಿಗೂ ಬರೆದುಕೊಟ್ಟಿಲ್ಲ ಅಂತಾಳೆ.”

“ಕಳ್ಳಿ ಎಲ್ಲಾದ್ರೂ ಒಪ್ತಾಳಾ ಸರ್?”

“ಹುಡುಗರಿಗೆ ಆ ಪಾಠ ಅವಳು ಕನ್ನಡದಲ್ಲಿ ಹೇಳಿಕೊಡ್ತಿದ್ದಳಂತೆ. ನೀವು ಒಂದು ದಿನವಾದರೂ ಕೂತು ಕೇಳಿದ್ರಾ?”

ಮೊದಲ ಸಲ ಅವನ ಮುಖ ಬಿಗಿಯಿತು. “ನನಗೆ ಇನ್ನೂರು ಕಿಲೋಮೀಟರ್ ಕೇಬಲ್ ಎಳೆಯೋ ಕೆಲಸ ಇದೆ. ಪಾಠ ಕೇಳ್ತಾ ಕೂತ್ರೆ ಅದನ್ನ ನಿಮ್ಮಪ್ಪ ಎಳೀತಾನಾ?”

“ನಮ್ಮಪ್ಪ ಇದ್ದಿದ್ರೆ ಹಗ್ಗ ಹಿಡಿಯೋ ಆಳಿಲ್ಲದೆ ಒಬ್ಬ ಹುಡುಗನ್ನ ಗುಂಡಿಗೆ ಇಳಿಸ್ತಿರ್ಲಿಲ್ಲ ಕಣಯ್ಯ!”

ಜೋರಾಗಿಯೇ ಅಂದೆ. ಹೊರಗೆ ಡ್ರಮ್ಮು ಉರುಳಿಸುತ್ತಿದ್ದವರು ನಿಂತು ನೋಡಿದರು. ಶ್ರೀಧರ್ ಎದ್ದು ಬಾಗಿಲು ಮುಚ್ಚಿದ. ಆಮೇಲೆ ಅವನು ಆಡಿದ್ದು ಬರೀ ವಕೀಲರ ಭಾಷೆ.

ನಾನು ಇನ್‌ಸ್ಪೆಕ್ಟರ್ ಆವಲಪ್ಪನಿಗೆ ಫೋನು ಮಾಡಿದೆ. ಹೈಸ್ಕೂಲಿನಲ್ಲಿ ಒಂದೇ ಬೆಂಚಿನವರು ನಾವು. “ಚೈತ್ರಳ ಹತ್ತೂ ಬೆರಳು ಒತ್ತಿಸಿ ನೋಡೋಣ. ಈ ಎರಡನೇ ಬೆರಳು ಅವಳದಲ್ಲ ಅಂದ್ರೆ ಪರೀಕ್ಷೆ ಬರೆದವಳೂ ಅವಳಲ್ಲ,” ಎಂದೆ. ಅವನು ಶ್ರೀಧರನಿಗೆ ಫೋನು ಕೊಡಲು ಹೇಳಿದ. ಎರಡು ನಿಮಿಷದಲ್ಲಿ ಮಿಷನ್ನು ನನ್ನ ಜೇಬಿಗೆ ಬಂತು.

ಸ್ಕೂಟರು ಹತ್ತುವಾಗ ನನಗೆ ಖುಷಿಯಾಗಿತ್ತು, ಸುಳ್ಳು ಹೇಳುವುದಿಲ್ಲ. ಹುಡುಗಿ ಬಚಾವಾದಳು ಎಂದುಕೊಂಡೆ.

ಬೈಪಾಸ್ ದಾಟಿರಲಿಲ್ಲ, ತಲೆಯಲ್ಲಿ ಕದಿರಮ್ಮನ ಮಾತು ತಿರುಗಿತು. ಸೊಸೆ ಹೋಗಿ ಒತ್ತಿ ಅಕ್ಕಿ ತರೋದು.

ಚಿಕ್ಕ ಬೆರಳು. ಬಿಸಿನೀರು ಮುಟ್ಟದ ಬೆರಳು. ಇಂಗ್ಲಿಷ್ ಓದಬಲ್ಲವಳ ಬೆರಳು.

ಸ್ಕೂಟರನ್ನು ರಸ್ತೆ ಬದಿಗೆ ನಿಲ್ಲಿಸಿಬಿಟ್ಟೆ. ಅಯ್ಯೋ ಶಿವನೇ. ರೇಷನ್ ಅಂಗಡಿಯಲ್ಲಿ ಮನೆಯವರಿಗಾಗಿ ಬೆರಳು ಕೊಟ್ಟ ಹಾಗೆಯೇ ಆ ಹುಡುಗಿ ಡಿಪೋದಲ್ಲಿ ಗಂಡನಿಗಾಗಿ ಬೆರಳು ಕೊಟ್ಟಿದ್ದಾಳೆ. ಅವಳಿಗೆ ಅದೂ ಇದೂ ಒಂದೇ. ಕೆಲಸ ಉಳಿಯಲಿ ಎಂದು ಕೂತು ಪರೀಕ್ಷೆಯನ್ನೂ ಬರೆದಿದ್ದಾಳೆ. ಗಂಡ ಪಾಸಾದ. ಗಂಡನಿಗೆ ಗುಂಡಿಯ ಕೆಲಸ ಬಂತು.

ಲಾರಿಗಳು ಧೂಳೆಬ್ಬಿಸಿಕೊಂಡು ಹೋಗುತ್ತಿದ್ದವು. ತಲೆಯ ಮೇಲೆ ವಿಮಾನವೊಂದು ಚಕ್ರ ಬಿಚ್ಚಿಕೊಂಡು ಇಳಿಯುತ್ತಿತ್ತು. ಮಿಷನ್ನನ್ನು ಸ್ಟೇಷನ್ನಿಗೆ ಒಯ್ದರೆ ಚೈತ್ರ ಉಳಿಯುತ್ತಾಳೆ, ಆದರೆ ಮುಂದಿನ ಪ್ರಶ್ನೆ ಭಾನುಪ್ರಿಯಾಳ ಮನೆ ಬಾಗಿಲು ತಟ್ಟುತ್ತದೆ. ಒಯ್ಯದಿದ್ದರೆ ತಪ್ಪು ಮಾಡದ ಹುಡುಗಿ ಜೈಲಿಗೆ ಹೋಗುತ್ತಾಳೆ. ಅತ್ತ ದರಿ ಇತ್ತ ಪುಲಿ ಎಂದು ಸಾವಿರ ಸಲ ಅಂದಿದ್ದೆ, ಅದರ ಅರ್ಥ ಆ ರಸ್ತೆ ಬದಿಯಲ್ಲಿ ತಿಳಿಯಿತು. ಬೇರೆಯವರು ಬರೆದಿದ್ದು ಗೊತ್ತಾದರೆ ಬಿಡುತ್ತಾರೆ ಎಂದು ಬೆಳಿಗ್ಗೆ ಅವಳಿಗೇ ಹೇಳಿ ಬಂದಿದ್ದೆನಲ್ಲ, ನನ್ನ ನಾಲಿಗೆಗೆ ಬರೆ ಹಾಕಬೇಕು.

ಕೊನೆಗೆ ಹೊರಟೆ. ಚೈತ್ರಳ ಕಡೆಯಿಂದ ಕೇಸು ಹಿಡಿದವನು ನಾನು. ಅವಳ ತಾಯಿಗೆ ಮಾತು ಕೊಟ್ಟಿದ್ದೆ.

*

ಆ ತಾಯಿ, ಗಂಗಲಕ್ಷ್ಮಮ್ಮ, ಸ್ಟೇಷನ್ ಮೆಟ್ಟಿಲ ಮೇಲೆ ಊಟದ ಡಬ್ಬಿ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಎರಡೂವರೆ ಆಗಿತ್ತು. ನನ್ನನ್ನು ನೋಡಿ ಎದ್ದರು. “ಏನಾಯ್ತಪ್ಪ ಮನೋಹರಾ?” ಎಂದರು. “ಒಳ್ಳೇದಾಗುತ್ತಮ್ಮ,” ಎಂದು ಅವರ ಮುಖ ನೋಡದೆ ಒಳಗೆ ಹೋದೆ.

ಚೈತ್ರ ಬೆಂಚಿನ ಮೇಲಿದ್ದಳು. ಇಪ್ಪತ್ತಾರರ ಹುಡುಗಿ, ಒಂದೇ ರಾತ್ರಿಗೆ ಕಣ್ಣು ಗುಳಿ ಬಿದ್ದಿತ್ತು. ಆವಲಪ್ಪ ಸೀಲು ಒಡೆದು ಅವಳ ಲ್ಯಾಪ್‌ಟಾಪ್ ತೆರೆಸಿದ.

“ಏನಪ್ಪಾ ಮನೋಹರ, ಇದೊಂದು ಆಟ ಆಡಿಬಿಡು. ಮೂರೂವರೆಗೆ ನನ್ ಜೀಪು ಹೊರಡುತ್ತೆ, ಆಮೇಲೆ ಗುರು ಗಿರು ಅನ್ನಂಗಿಲ್ಲ.”

ಚೈತ್ರ ಹತ್ತೂ ಬೆರಳು ಒತ್ತಿದಳು. ಎರಡಕ್ಕೆ ಅವಳ ಹೆಸರು. ಉಳಿದ ಯಾವ ಬೆರಳಿಗೂ ಹರಿಪ್ರಸಾದನ ಹೆಸರು ತೆರೆಯಲಿಲ್ಲ.

ಆವಲಪ್ಪ ಟೋಪಿ ತೆಗೆದು ಮೇಜಿನ ಮೇಲಿಟ್ಟ. “ಸರಿ. ಬೆರಳು ಇವಳದಲ್ಲ. ಆದ್ರೆ ಸೇರಿಸಿದೋಳು ಇವಳೇ. ಯಾರದಮ್ಮ ಅದು?”

ಅವಳು ಮಿಷನ್ನನ್ನು ಮೇಜಿನ ಆ ಬದಿಗೆ ತಳ್ಳಿದಳು.

“ಹೇಳಿದ್ರೆ ಈಗ್ಲೇ ನಿಮ್ಮಮ್ಮನ ಜೊತೆ ಮನೆಗೆ ಹೋಗ್ತೀಯ. ಹೇಳ್ಲಿಲ್ಲ ಅಂದ್ರೆ ಜೀಪು ಹತ್ತುತ್ತೀಯ.”

ಚೈತ್ರ ನನ್ನ ಕಡೆ ನೋಡಿದಳು. ನನಗೆ ಗೊತ್ತಾಗಿದೆ ಎಂದು ಅವಳಿಗೂ ಗೊತ್ತಾಯಿತು. “ಬೇಡ ಸಾರ್,” ಎಂದಳು ಮೆಲ್ಲಗೆ. ಆಮೇಲೆ ಆವಲಪ್ಪನಿಗೆ, “ನಾನೇ ಬರ್ದಿದ್ದು ಅಂತ ಬರ್ಕೊಳ್ಳಿ. ಸಹಿ ಹಾಕ್ತೀನಿ.”

“ಹುಚ್ಚಿ!” ಎಂದೆ ನಾನು. “ನಿಮ್ಮಮ್ಮ ಆಚೆ ಕೂತವ್ರೆ. ಅವರ ಮುಖ ನೋಡಾದ್ರೂ—”

ಅಷ್ಟರಲ್ಲಿ ಬಾಗಿಲಲ್ಲಿ ಗಲಾಟೆ. ಪೇದೆ ತಡೆಯುತ್ತಿದ್ದ, ತಡೆದರೂ ಒಳಗೆ ಬಂದವಳು ಭಾನುಪ್ರಿಯಾ. ಅವಳ ಹಿಂದೆ ಏದುಸಿರು ಬಿಡುತ್ತ ಕದಿರಮ್ಮ. ಸೂತಕ ಮುಗಿಯುವ ಮುನ್ನ ಹೊಸ್ತಿಲು ದಾಟಿ, ವಿಜಯಪುರದಿಂದ ಸರ್ಕಾರಿ ಬಸ್ಸಿನಲ್ಲಿ ನಿಂತುಕೊಂಡು ಬಂದಿದ್ದಾರೆ.

“ಎಲ್ಲಿಗೆ ಅಂತ್ಲೂ ಹೇಳ್ದೆ ಹೊರಟ್ಬಿಟ್ಲು ಕಣಪ್ಪ,” ಎಂದರು ಕದಿರಮ್ಮ ನನಗೆ. “ಬಸುರಿ ಹೆಂಗ್ಸನ್ನ ಒಬ್ಳೇ ಹೆಂಗ್ ಬಿಡ್ಲಿ ಅಂತ ಹಿಂದೇನೇ ಬಂದೆ. ಏನಾಗೈತೆ ಇವಳಿಗೆ?”

ಭಾನುಪ್ರಿಯಾ ಯಾರನ್ನೂ ನೋಡಲಿಲ್ಲ. ಸೀದಾ ಮೇಜಿನ ಹತ್ತಿರ ಬಂದು ಮಿಷನ್ನಿನ ಮೇಲೆ ಬಲಗೈ ಹೆಬ್ಬೆರಳು ಇಟ್ಟಳು. ಒಂದೇ ಒತ್ತು. ಹಸಿರು ದೀಪ. ಪರದೆಯ ಮೇಲೆ ಹರಿಪ್ರಸಾದನ ಹೆಸರು, ಅವನ ನಗುವ ಫೋಟೋ.

“ನಾನೇ ಸಾರ್. ಚೈತ್ರಕ್ಕ ಅಲ್ಲ.” “ಬುತ್ತಿ ಕೊಡೋಕೆ ಬರ್ತೀನಿ ಅಂತ ಬರ್ತಿದ್ದೆ. ಬೆರಳು ತಗೊಳ್ಳಲ್ಲ, ಅರ್ಧ ದಿನ ಗೈರುಹಾಜರಿ ಬೀಳುತ್ತೆ ಅಂತ ನಮ್ಮನೆಯೋರು ಗೋಗರೆದಿದ್ದಕ್ಕೆ ಅಕ್ಕ ನನ್ನ ಬೆರಳು ಸೇರಿಸಿದ್ರು. ಅಕ್ಕಂದೇನೂ ತಪ್ಪಿಲ್ಲ. ಮಂಗಳವಾರ ಅಕ್ಕ ಬೇರೆಯೋರಿಗೆ ಪಾಠ ಹೇಳ್ತಿದ್ರು. ನಮ್ಮನೆಯೋರು ಹಿತ್ತಲಲ್ಲಿ ಡ್ರಮ್ ಇಳಿಸ್ತಿದ್ರು. ನೀನೇ ಬರ್ದುಬಿಡು ಭಾನು ಅಂದ್ರು. ಇಂಗ್ಲಿಷ್ ಬರುತ್ತೆ ಅನ್ನೋ ಜಂಬ ನನಗೆ. ಕೂತು ಬರ್ದೆ.”

ಅವಳು ಹೆಬ್ಬೆರಳನ್ನು ಮಿಷನ್ನಿನಿಂದ ತೆಗೆದು ಸೆರಗಿಗೆ ಒರೆಸಿಕೊಂಡಳು.

“ನಲವತ್ತಾರು ಬಂತಂತೆ. ನಾನು ಅಷ್ಟು ತೆಗೀದೆ ಇದ್ದಿದ್ರೆ ಅವರಿಗೆ ಆ ಕೆಲಸ ಬರ್ತಿರ್ಲಿಲ್ಲ. ಅವರು ಇಳೀತಿರ್ಲಿಲ್ಲ. ನನ್ನ ಗಂಡನ್ನ ನಾನೇ ಕೊಂದೆ ಸಾರ್.”

ಕದಿರಮ್ಮ ಗೋಡೆ ಹಿಡಿದುಕೊಂಡರು. ಅವರ ಬಾಯಿಂದ ಬೈಗುಳ ಬರುತ್ತದೆ, ಚೀರಾಟ ಬರುತ್ತದೆ ಎಂದು ನಾನು ಹೆದರಿದ್ದೆ. ಅವರು ಸೊಸೆಯ ಭುಜದ ಮೇಲಿದ್ದ ಇನ್ನೊಂದು ಕೈಯನ್ನು ಮಾತ್ರ ನಿಧಾನವಾಗಿ ಹಿಂದಕ್ಕೆ ತೆಗೆದುಕೊಂಡರು. ಅದನ್ನು ನೋಡಲಾಗದೆ ನಾನು ಕಿಟಕಿಯ ಕಡೆ ತಿರುಗಿದೆ.

“ಲೇ ಭಾನು!” ಚೈತ್ರ ಬೆಂಚಿನಿಂದ ಎದ್ದೇಬಿಟ್ಟಳು. “ಯಾರೇ ಹೇಳಿದ್ದು ನಿಂಗೆ ನಲವತ್ತಾರು ಅಂತ? ನಿಂಗೆ ಬಂದಿದ್ದು ಹತ್ತೊಂಬತ್ತು ಕಣೇ!”

ಭಾನುಪ್ರಿಯಾ ಅರ್ಥವಾಗದೆ ಅವಳನ್ನೇ ನೋಡಿದಳು.

“ಪರೀಕ್ಷೆ ಬರೆದೋರಿಗೆ ಮಾರ್ಕ್ಸ್ ಕಾಣಲ್ಲ, ನಂಗೆ ಕಾಣುತ್ತೆ. ನೀನು ಎದ್ದು ಹೋದ ಮೇಲೆ ನೋಡ್ದೆ. ಐವತ್ತಕ್ಕೆ ಹತ್ತೊಂಬತ್ತು. ಫೇಲ್.”

“ನಾನು ಫೇಲಾ ಅಕ್ಕ?”

“ಫೇಲು ಕಣೇ. ಹರಿ ಪಾಸಾಗ್ಲೇ ಇಲ್ಲ.”

ಫೇಲಾದೆ ಎಂದು ತಿಳಿದು ಹಾಗೆ ಅತ್ತವರನ್ನು ನಾನು ಈ ಜನ್ಮದಲ್ಲಿ ನೋಡಿಲ್ಲ. ಐದು ದಿನ ತಡೆದಿಟ್ಟಿದ್ದೆಲ್ಲ ಒಮ್ಮೆಗೇ ಬಂತು. ನೆಲದ ಮೇಲೆ ಕುಸಿದು, ಹೊಟ್ಟೆ ಹಿಡಿದುಕೊಂಡು, “ನಾನು ಫೇಲು, ನಾನು ಫೇಲು,” ಎಂದು ಬಿಕ್ಕಿದಳು. ಆವಲಪ್ಪ ಕೂಡ ಮೂಗು ಒರೆಸಿಕೊಂಡ.

“ಇದನ್ನ ಮೊದ್ಲೇ ಯಾಕಮ್ಮ ಬೊಗಳ್ಲಿಲ್ಲ?” ಎಂದು ಚೈತ್ರಳ ಮೇಲೆ ಹರಿಹಾಯ್ದ.

“ಹೆಂಗ್ ಹೇಳ್ಲಿ ಸಾರ್? ಹತ್ತೊಂಬತ್ತು ಅಂದ್ರೆ ಯಾರು ಬರೆದಿದ್ದು ಅಂತ ಕೇಳ್ತೀರ. ಈ ಬೆಂಚಿನ ಮೇಲೆ ಇವಳು ಕೂರ್ಬೇಕಾಗಿತ್ತು.” ಅವಳು ಭಾನುಪ್ರಿಯಾಳ ಪಕ್ಕ ನೆಲಕ್ಕೆ ಕೂತಳು. “ಅವತ್ತು ಇವಳಿಗೇ ಹೇಳಿಬಿಡ್ಬೇಕಿತ್ತು. ಹೊರಡ್ತೀನಿ ಅಂತ ಹೇಳೋಕೆ ಬಂದಾಗ ಇವಳ ಮುಖ ನೋಡಿ ಬಾಯಿ ಬರ್ಲಿಲ್ಲ. ನಾಳೆ ಹರಿನೇ ಪಕ್ಕದಲ್ಲಿ ಕೂರಿಸ್ಕೊಂಡು ಕನ್ನಡದಲ್ಲಿ ಹೇಳ್ಕೊಟ್ಟು ಅವನ ಕೈಲೇ ಬರೆಸೋಣ ಅಂದ್ಕೊಂಡೆ. ಹನ್ನೊಂದಕ್ಕೆ ನನ್ನನ್ನ ಹೊಸಕೋಟೆ ಡಿಪೋಗೆ ಪಾಠಕ್ಕೆ ಕಳಿಸಿದ್ರು.”

“ಯಾರು ಕಳಿಸಿದ್ದು?” ಎಂದೆ.

“ಶ್ರೀಧರ್ ಸಾರ್. ಅವತ್ತು ಮೊದಲೇ ಗೊತ್ತುಮಾಡಿದ್ದ ಪಾಠ ಅಲ್ಲ ಅದು.”

“ಮಾರ್ಕ್ಸ್ ತಿದ್ದೋಕೆ ಯಾರಿಗೆ ಆಗುತ್ತೆ?”

“ನಂಗೆ ನೋಡೋಕೆ ಮಾತ್ರ. ತಿದ್ದೋ ಪಾಸ್‌ವರ್ಡ್ ಇರೋದು ಹೆಡ್ ಆಫೀಸಿಗೆ, ಇಲ್ಲಿ ಶ್ರೀಧರ್ ಸಾರ್‌ಗೆ.”

ಪೋರ್ಟಲ್ ಕಡೆ ತಲೆಯೇ ಹಾಕುವುದಿಲ್ಲ ಎಂದಿದ್ದನಲ್ಲ ಮಹಾನುಭಾವ! ಗುಂಡಿಗೆ ಇಳಿಯಲು ಅವತ್ತೇ ಒಬ್ಬ ಪಾಸಾದ ಆಳು ಬೇಕಿತ್ತು ಅವನಿಗೆ. ಸಿಗದಿದ್ದಾಗ ಹತ್ತೊಂಬತ್ತನ್ನೇ ನಲವತ್ತಾರು ಮಾಡಿಕೊಂಡ.

“ಬಾಯಿ ಮಾತು ನಡೆಯಲ್ಲ,” ಎಂದ ಆವಲಪ್ಪ. “ಈಗ ಅವರ ದಾಖಲೇಲಿ ನಲವತ್ತಾರೇ ಇದೆ. ಹತ್ತೊಂಬತ್ತು ಅನ್ನೋದಕ್ಕೆ ಏನು ಸಾಕ್ಷಿ?”

“ಫೋಟೋ ಇದೆ ಸಾರ್. ಫೇಲಾದವರ ಪಟ್ಟಿ ದಿನಾ ಫೋನಲ್ಲಿ ಹೊಡ್ಕೊಳ್ತೀನಿ. ಮಾರನೇ ದಿನ ಯಾರಿಗೆ ಪಾಠ ಹೇಳ್ಕೊಡ್ಬೇಕು ಅಂತ ನೆನಪಿರ್ಲಿ ಅಂತ. ಹರಿ ಹೆಸರು, ಹತ್ತೊಂಬತ್ತು, ಟೈಮು, ಎಲ್ಲಾ ಅದ್ರಲ್ಲಿದೆ. ನಿನ್ನೆ ಹಿಡ್ಕೊಂಡು ಬಂದಾಗ ನನ್ ಫೋನು ನೀವೇ ತಗೊಂಡ್ರಲ್ಲ.”

ಇಷ್ಟು ಹೊತ್ತು ಗೋಡೆ ಹಿಡಿದು ನಿಂತಿದ್ದ ಕದಿರಮ್ಮ ಮುಂದೆ ಬಂದರು.

“ಆ ಫೋಟೋ ತೋರ್ಸಪ್ಪ,” ಎಂದರು ಆವಲಪ್ಪನಿಗೆ. “ನಂಗೆ ಓದೋಕೆ ಬರಲ್ಲ, ಯಾರಾದ್ರೂ ಓದಿ ಹೇಳಿ. ಇವಳು ನನ್ ಮಗನ್ನ ಕಳಿಸಿದ್ಲೋ ಇಲ್ವೋ ನಂಗೆ ತಿಳೀಬೇಕು.”

“ತೋರಿಸ್ತೀನಿ ತಾಯಿ,” ಎಂದು ಆವಲಪ್ಪ ಕಬ್ಬಿಣದ ಬೀರು ತೆರೆದ. ಚೈತ್ರಳ ಹೆಸರಿನ ಕವರು ಇತ್ತು. ಕೈಚೀಲ, ಐಡಿ ಕಾರ್ಡು, ಒಂದು ನೋಟ್‌ಬುಕ್ಕು. ಕವರನ್ನು ಮೇಜಿನ ಮೇಲೆ ತಲೆಕೆಳಗು ಮಾಡಿದ. ಫೋನು ಇರಲಿಲ್ಲ.

“ಏಯ್, ಫೋನೆಲ್ಲಿ?”

ಬಾಗಿಲ ಬಳಿಯ ಪೇದೆ ತಡವರಿಸಿದ. “ಅದು ಕಂಪನಿ ಫೋನು ಅಂತ ಲೆಟರ್ ತಂದಿದ್ರು ಸಾರ್. ಬೆಳಿಗ್ಗೆ ನೀವು ಇರ್ಲಿಲ್ಲ. ಸಹಿ ಹಾಕಿಸ್ಕೊಂಡು ಕೊಟ್ಟೆ.”

ಅವನು ಪುಸ್ತಕ ತಂದು ತೋರಿಸಿದ. ಬೆಳಿಗ್ಗೆ ಒಂಬತ್ತೂ ಮುಕ್ಕಾಲು. ಇಸ್ತ್ರಿ ಮಾಡಿದಂಥ ದುಂಡಗಿನ ಅಕ್ಷರದಲ್ಲಿ ಶ್ರೀಧರನ ಸಹಿ. ಅದಾದ ಮೂರು ಗಂಟೆಯೊಳಗೆ ನಾನು ಅವನ ಎದುರಿಗೇ ಕೂತಿದ್ದೆ. ಅವನು ನನಗೆ ಕಾಫಿ ಬೇಕೇ ಎಂದು ಕೇಳಿದ್ದ.

ಆವಲಪ್ಪ ಪೇದೆಯ ಮೇಲೆ ಕಿರುಚತೊಡಗಿದ. ಜೀಪು ಕಳಿಸು ಎಂದ, ಡಿಪೋಗೆ ಫೋನು ಹಾಕು ಎಂದ. ಡಿಪೋದಲ್ಲಿ ಯಾರೂ ಎತ್ತಲಿಲ್ಲ. ಗೋಡೆಯ ಗಡಿಯಾರದಲ್ಲಿ ಮೂರೂಕಾಲು.

“ಸಿಗ್ಲಿಲ್ವಾ?” ಎಂದರು ಕದಿರಮ್ಮ.

“ಸಿಗುತ್ತಮ್ಮ. ಹುಡುಕ್ತೀವಿ,” ಎಂದೆ. ನನ್ನ ಮಾತನ್ನು ನಾನೇ ನಂಬಲಿಲ್ಲ.

“ಅತ್ತೆ,” ಎಂದಳು ಭಾನುಪ್ರಿಯಾ ನೆಲದಿಂದಲೇ. “ನಾನು ಫೇಲತ್ತೆ. ಅಕ್ಕ ಹೇಳಿದ್ರಲ್ಲ.”

ಕದಿರಮ್ಮ ಸೊಸೆಯನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ನಂಬಬೇಕೆನ್ನುವ ಆಸೆ ಇತ್ತು, ನಂಬಲು ಆಗುತ್ತಿರಲಿಲ್ಲ. ಆಮೇಲೆ ಸೆರಗು ಸರಿಮಾಡಿಕೊಂಡು ನನ್ನ ಕಡೆ ತಿರುಗಿದರು.

“ಆ ಫೋಟೋ ಸಿಕ್ಕಿದ್ ದಿನ ಇವಳನ್ನ ಮನೆಗೆ ಕರ್ಕೊಂಡ್ ಬಾಪ್ಪ. ಅಲ್ಲೀವರ್ಗೂ ಬೇಡ.”

ಒಬ್ಬರೇ ಮೆಟ್ಟಿಲಿಳಿದು, ವಿಜಯಪುರದ ಬಸ್ಸು ನಿಲ್ಲುವ ಕಡೆ ನಡೆದರು.